ಡಿಸ್ಕ್ ಕೆಟ್ಟಿದೆ ಎಂದು ತೀರ್ಮಾನಿಸುವ ಮುನ್ನ: 2012ರ ಮ್ಯಾಕ್‌ಬುಕ್ ಪ್ರೊದಲ್ಲಿ ಹಾರ್ಡ್ ಡಿಸ್ಕ್ ಕೇಬಲ್ ದೋಷದ ಪತ್ತೆ ಮತ್ತು ಬದಲಾವಣೆ

2012ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದು 2016ರ ಅಕ್ಟೋಬರ್‌ವರೆಗೂ ಮಾರಾಟದಲ್ಲಿದ್ದ 13 ಇಂಚಿನ ಮ್ಯಾಕ್‌ಬುಕ್ ಪ್ರೊ ಇಂದಿಗೂ ಅನೇಕ ಮನೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ದಿನನಿತ್ಯದ ಕೆಲಸಕ್ಕೆ ಒದಗುತ್ತಿದೆ. ಡಿವಿಡಿ ಡ್ರೈವ್ ಉಳ್ಳ ಕೊನೆಯ ಮ್ಯಾಕ್‌ಬುಕ್ ಪ್ರೊ ಅದು. ರ‍್ಯಾಮ್ ಮತ್ತು ಡಿಸ್ಕ್ ಎರಡನ್ನೂ ಮನೆಯಲ್ಲೇ ಬದಲಿಸಲು ಅನುಕೂಲವಿರುವುದರಿಂದ ಅದರ ಆಯುಷ್ಯ ಇಷ್ಟು ದೀರ್ಘವಾಗಿದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಹಾಕಿದರೆ ಅದರ ವೇಗ ಗಮನಾರ್ಹವಾಗಿ ಹೆಚ್ಚುತ್ತದೆ. ಆದರೆ ಹಾಗೆ ಎಸ್‌ಎಸ್‌ಡಿ ಹಾಕಿದ ಸ್ವಲ್ಪ ದಿನಕ್ಕೇ, ಅಥವಾ ವರ್ಷಗಟ್ಟಲೆ ಸರಿಯಾಗಿ ನಡೆದ ಮೇಲೆ, ಯಂತ್ರ ನಡುನಡುವೆ ಸ್ತಬ್ಧವಾಗತೊಡಗಿದರೆ ಜನ ದೂರುವುದು ಡಿಸ್ಕನ್ನು. ಹೊಸ ಡಿಸ್ಕ್ ಕೊಂಡು ತಂದು ಹಾಕುತ್ತಾರೆ. ಅದೂ ಹಾಗೆಯೇ ವರ್ತಿಸಿದಾಗ ಮದರ್‌ಬೋರ್ಡ್ ಹೋಗಿದೆ ಎಂದು ಭಾವಿಸಿ ಯಂತ್ರವನ್ನೇ ಗುಜರಿಗೆ ಕೊಡುತ್ತಾರೆ. ಇವೆರಡರ ನಡುವೆ ಇರುವ, ಬೆಲೆಯಲ್ಲಿ ಎರಡಕ್ಕಿಂತಲೂ ಬಹಳ ಅಗ್ಗವಾದ ಒಂದು ಚಪ್ಪಟೆ ಕೇಬಲ್‌ನತ್ತ ಯಾರ ಗಮನವೂ ಹೋಗುವುದಿಲ್ಲ. ಈ ಮಾದರಿಯಲ್ಲಿ ಡಿಸ್ಕ್ ತೊಂದರೆ ಕಂಡಾಗ ಮೊದಲು ಪರೀಕ್ಷಿಸಬೇಕಾದದ್ದು ಆ ಕೇಬಲ್ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದನ್ನು ಊಹೆಯಿಂದಲ್ಲ, ಪರೀಕ್ಷೆಯಿಂದಲೇ ಸಾಬೀತುಪಡಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಕೇಬಲ್ ಯಾಕೆ ಕೆಡುತ್ತದೆ

ಯಂತ್ರವನ್ನು ಬಳಸುವಾಗ ನಮ್ಮ ಬಲಗೈ ಊರುವ ಜಾಗದ ಅಡಿಯಲ್ಲಿ ಡಿಸ್ಕ್ ಕುಳಿತಿರುತ್ತದೆ. ಅಲ್ಲಿಂದ ಮದರ್‌ಬೋರ್ಡ್‌ವರೆಗೆ ಕಾಗದದಷ್ಟು ತೆಳ್ಳಗಿನ ಕಪ್ಪು ಪಟ್ಟಿಯಂತಹ ಕೇಬಲ್ ಅಲ್ಯೂಮಿನಿಯಂ ಚೌಕಟ್ಟಿಗೆ ಒತ್ತಿಕೊಂಡು ಸಾಗುತ್ತದೆ. ದಾರಿಯಲ್ಲಿ ಅದು ಕೆಲವು ಕಡೆ ಬಿಗಿಯಾಗಿ ಮಡಿಚಿಕೊಂಡಿದೆ. ಅಂಟು ಮತ್ತು ಸಣ್ಣ ಸ್ಕ್ರೂಗಳು ಅದನ್ನು ಸ್ಥಳದಲ್ಲಿ ಹಿಡಿದಿಡುತ್ತವೆ. ಲ್ಯಾಪ್‌ಟಾಪನ್ನು ಎತ್ತುವಾಗ, ಬಲಬದಿಯ ಮೂಲೆಯನ್ನು ಹಿಡಿದು ಸರಿಸುವಾಗ, ಚೀಲದಲ್ಲಿ ತುರುಕುವಾಗ ಚೌಕಟ್ಟು ಕೂದಲೆಳೆಯಷ್ಟು ಬಾಗುತ್ತದೆ, ಮತ್ತು ಕೇಬಲ್‌ನ ಮಡಿಕೆ ಲೋಹದ ಅಂಚಿಗೆ ಉಜ್ಜುತ್ತದೆ. ಒಳಗಿನ ತಾಮ್ರದ ಎಳೆಗಳು ಒಮ್ಮೆಲೇ ತುಂಡಾಗುವುದು ಅಪರೂಪ. ಅವು ಬಿರುಕು ಬಿಡುತ್ತವೆ, ಮೇಲಿನ ಹೊದಿಕೆ ಸವೆಯುತ್ತದೆ, ಸಂಪರ್ಕ ಬಂದುಹೋಗಿ ಮಾಡುತ್ತದೆ. ಕಣ್ಣಿಗೆ ಕಾಣುವ ಗಾಯವೇನೂ ಇಲ್ಲದ ಕೇಬಲ್ ಕೂಡ ಕೆಟ್ಟಿರಬಹುದಾದ್ದರಿಂದ, ಬಿಚ್ಚಿ ನೋಡಿ ‘ಚೆನ್ನಾಗಿಯೇ ಇದೆಯಲ್ಲ’ ಎಂದು ಮುಚ್ಚಿಬಿಡುವುದು ಪರೀಕ್ಷೆಯಾಗುವುದಿಲ್ಲ.

ಹಳೆಯ ಹಾರ್ಡ್ ಡಿಸ್ಕ್ ಸರಿಯಾಗಿ ನಡೆಯುತ್ತಿತ್ತು, ಎಸ್‌ಎಸ್‌ಡಿ ಹಾಕಿದ ಮೇಲೆಯೇ ತೊಂದರೆ ಶುರುವಾಯಿತು ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ಎಸ್‌ಎಸ್‌ಡಿಯೇ ತಪ್ಪಿತಸ್ಥ ಎಂದಾಗುವುದಿಲ್ಲ. ಆ ಕಾಲದ ಹಾರ್ಡ್ ಡಿಸ್ಕ್‌ಗಳು ಹೆಚ್ಚಾಗಿ ಸೆಕೆಂಡಿಗೆ 3 ಗಿಗಾಬಿಟ್ ವೇಗದ ಸಾಟಾ ಸಂಪರ್ಕದಲ್ಲಿ (ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ದತ್ತಾಂಶ ಸಾಗಿಸುವ ವ್ಯವಸ್ಥೆ) ಕೆಲಸ ಮಾಡುತ್ತಿದ್ದವು ಮತ್ತು ನಿಜವಾಗಿ ಓದುತ್ತಿದ್ದುದು ಸೆಕೆಂಡಿಗೆ 100 ಮೆಗಾಬೈಟ್‌ನ ಆಸುಪಾಸು. ಎಸ್‌ಎಸ್‌ಡಿ 6 ಗಿಗಾಬಿಟ್ ವೇಗದಲ್ಲಿ ಸಂಪರ್ಕ ಸಾಧಿಸಿ ಸೆಕೆಂಡಿಗೆ 500 ಮೆಗಾಬೈಟ್‌ನಷ್ಟು ದತ್ತಾಂಶ ಹರಿಸುತ್ತದೆ. ಸಂಕೇತದ ವೇಗ ಇಮ್ಮಡಿಯಾದಾಗ ಸವೆದ ಕೇಬಲ್ ಅದನ್ನು ತಾಳಲಾರದು. ನಿಧಾನದ ಡಿಸ್ಕ್ ಇರುವಾಗ ಅಡಗಿದ್ದ ದೋಷ ಆಗ ಹೊರಬೀಳುತ್ತದೆ.

ಲಕ್ಷಣಗಳು

ಸಾಟಾ ಸಂಪರ್ಕದಲ್ಲಿ ಸಾಗುವ ಪ್ರತಿಯೊಂದು ದತ್ತಾಂಶ ಕಂತಿನ ಜೊತೆಗೂ ಸಿಆರ್‌ಸಿ ಎಂಬ 32 ಬಿಟ್‌ನ ತಾಳೆ ಸಂಖ್ಯೆಯೊಂದು ಹೋಗುತ್ತದೆ. ತಲುಪಿದ ಕಡೆ ಲೆಕ್ಕ ಹಾಕಿದಾಗ ಸಂಖ್ಯೆ ತಾಳೆಯಾಗದಿದ್ದರೆ ಆ ಕಂತನ್ನು ತಿರಸ್ಕರಿಸಿ ಮತ್ತೆ ಕಳುಹಿಸಲಾಗುತ್ತದೆ. ಆದ್ದರಿಂದಲೇ ಕೇಬಲ್ ದೋಷದ ಆರಂಭದಲ್ಲಿ ಕಡತಗಳು ಹಾಳಾಗುವುದಕ್ಕಿಂತ ಮೊದಲು ಯಂತ್ರ ನಿಧಾನವಾಗುತ್ತದೆ. ಬಣ್ಣದ ಚಕ್ರ ಕಾರಣವಿಲ್ಲದೆ ತಿರುಗುತ್ತದೆ, ಮೌಸ್ ಓಡಾಡುತ್ತಿದ್ದರೂ ಕ್ಲಿಕ್ ಮಾಡಿದ್ದು ತೆರೆಯುವುದಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಎಲ್ಲವೂ ಒಟ್ಟಿಗೆ ತೆರೆದುಕೊಳ್ಳುತ್ತದೆ. ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡವರಿಗೆ ಈ ಸ್ತಬ್ಧತೆ ಸುಮಾರು ಅರ್ಧ ನಿಮಿಷದ್ದಾಗಿ ಕಾಣಬಹುದು, ಏಕೆಂದರೆ ಅಲ್ಲಿ ಡಿಸ್ಕ್ ಆದೇಶಕ್ಕೆ ಉತ್ತರ ಬಾರದಿದ್ದರೆ ಕಾಯುವ ಅವಧಿ ಸಾಮಾನ್ಯವಾಗಿ 30 ಸೆಕೆಂಡ್. ಅದಾದ ಮೇಲೆ ಸಂಪರ್ಕವನ್ನು ಮರುಹೊಂದಿಸಿ ಮತ್ತೆ ಪ್ರಯತ್ನಿಸಲಾಗುತ್ತದೆ. ದೋಷ ಬಲಿತಂತೆ ಆಪರೇಟಿಂಗ್ ಸಿಸ್ಟಂ ಅನುಸ್ಥಾಪನೆ ಅರ್ಧಕ್ಕೇ ನಿಲ್ಲುವುದು, ಮ್ಯಾಕ್‌ನಲ್ಲೇ ಇರುವ ಡಿಸ್ಕ್ ಯುಟಿಲಿಟಿ ತಂತ್ರಾಂಶದಲ್ಲಿ ಡಿಸ್ಕ್ ಒಮ್ಮೆ ಕಾಣಿಸಿ ಮತ್ತೊಮ್ಮೆ ಕಾಣಿಸದಿರುವುದು, ಕೊನೆಗೆ ಆನ್ ಮಾಡಿದಾಗ ಪ್ರಶ್ನಾರ್ಥಕ ಚಿಹ್ನೆಯ ಫೋಲ್ಡರ್ ಮಿನುಗುತ್ತಾ ನಿಲ್ಲುವುದು ನಡೆಯುತ್ತದೆ.

ಈ ಲಕ್ಷಣಗಳಲ್ಲಿ ಯಾವುದೊಂದೂ ಕೇಬಲ್ ದೋಷಕ್ಕೆ ಮಾತ್ರ ಸೇರಿದ್ದಲ್ಲ. ಸಾಯುತ್ತಿರುವ ಡಿಸ್ಕ್ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. ಕೆಟ್ಟ ರ‍್ಯಾಮ್ ಯಂತ್ರವನ್ನು ಹಠಾತ್ತಾಗಿ ಕೆಡವುತ್ತದೆ. ಆದರೂ ಒಂದು ಗುಣ ಕೇಬಲ್‌ನ ಕಡೆಗೆ ಬೆರಳು ತೋರುತ್ತದೆ: ತೊಂದರೆ ಅನಿಯಮಿತವಾಗಿರುತ್ತದೆ. ಯಂತ್ರವನ್ನು ಮೇಜಿನಿಂದ ತೊಡೆಗೆ ಎತ್ತಿಕೊಂಡಾಗ ಕೆಡುವುದು, ಬಿಚ್ಚಿ ಮುಚ್ಚಿದ ಮೇಲೆ ಒಂದೆರಡು ವಾರ ತಾನಾಗಿ ಸರಿಹೋಗುವುದು, ಹಿಂದೊಮ್ಮೆ ಓದಲಾಗದ ಕಡತ ಈಗ ಸರಾಗವಾಗಿ ತೆರೆಯುವುದು, ಇವು ಸವೆದ ಸಂಪರ್ಕದ ನಡವಳಿಕೆ. ಡಿಸ್ಕ್‌ನ ಮೇಲ್ಮೈ ಕೆಟ್ಟಿದ್ದರೆ ಅದೇ ಕಡತ ಅದೇ ಜಾಗದಲ್ಲಿ ಮತ್ತೆ ಮತ್ತೆ ಸಿಕ್ಕಿಕೊಳ್ಳುತ್ತದೆ.

ಮೊದಲು ದತ್ತಾಂಶ

ಪರೀಕ್ಷೆಗೆ ಕೈಹಾಕುವ ಮುನ್ನ ದತ್ತಾಂಶದ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು, ಮತ್ತು ಅದನ್ನು ಅನುಮಾನಕ್ಕೊಳಗಾದ ಕೇಬಲ್ ಮೂಲಕ ಮಾಡಬಾರದು. ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ ನಕಲು ಮಾಡಿಕೊಳ್ಳುವುದೇ ಸುರಕ್ಷಿತ. ಟಿ ಕೀಲಿ ಒತ್ತಿ ಆನ್ ಮಾಡಿ, ಫೈರ್‌ವೈರ್ ಅಥವಾ ಥಂಡರ್‌ಬೋಲ್ಟ್ ಮೂಲಕ ಟಾರ್ಗೆಟ್ ಡಿಸ್ಕ್ ವಿಧಾನದಲ್ಲಿ (ಇಡೀ ಮ್ಯಾಕ್‌ಬುಕ್ ಇನ್ನೊಂದು ಕಂಪ್ಯೂಟರಿಗೆ ಹೊರಗಿನ ಡಿಸ್ಕ್‌ನಂತೆ ಕಾಣುವ ವಿಧಾನ) ನಕಲು ಮಾಡುವ ಸಲಹೆಯನ್ನು ಹಲವರು ಕೊಡುತ್ತಾರೆ. ಆ ವಿಧಾನದಲ್ಲಿಯೂ ದತ್ತಾಂಶ ಹರಿಯುವುದು ಅದೇ ಒಳಗಿನ ಕೇಬಲ್ ಮೂಲಕ ಎಂಬುದನ್ನು ಮರೆಯಬಾರದು. ಹಾಗೆಯೇ, ಡಿಸ್ಕ್ ಯುಟಿಲಿಟಿಯ ಫಸ್ಟ್ ಏಡ್ ಒತ್ತಿ ಕಡತ ವ್ಯವಸ್ಥೆಯನ್ನು ಸರಿಪಡಿಸಲು ಹೊರಡುವುದು ಈ ಹಂತದಲ್ಲಿ ಅಪಾಯಕಾರಿ. ತಪ್ಪಾಗಿ ಓದಿದ್ದನ್ನು ನಂಬಿ ಬರೆಯುವ ಉಪಕರಣ ಒಳ್ಳೆಯ ಡಿಸ್ಕ್‌ನಲ್ಲಿಯೂ ನಿಜವಾದ ಹಾನಿ ಮಾಡಬಲ್ಲದು. ಡಿಸ್ಕ್ ಹಾರ್ಡ್ ಡಿಸ್ಕ್ ಆಗಿದ್ದು ಕಟಕಟ ಸದ್ದು ಬರುತ್ತಿದ್ದರೆ ಈ ಬರಹದ ಉಳಿದ ಭಾಗ ಅನ್ವಯಿಸುವುದಿಲ್ಲ. ಅದು ಡಿಸ್ಕ್‌ನದೇ ದೋಷ, ತಕ್ಷಣ ನಿಲ್ಲಿಸಬೇಕು.

ಪರೀಕ್ಷೆಯ ಕ್ರಮ

ಆಪಲ್ ಮೆನುವಿನಿಂದ ಸಿಸ್ಟಂ ಮಾಹಿತಿಯನ್ನು ತೆರೆದು ಮೊದಲು ಮಾದರಿಯನ್ನು ಖಚಿತಪಡಿಸಿಕೊಳ್ಳಬೇಕು. ತಳದಲ್ಲಿ ಮುದ್ರಿತವಾದ ಎ1278 ಎಂಬ ಸಂಖ್ಯೆ ಹಲವು ವರ್ಷಗಳ ಯಂತ್ರಗಳಿಗೆ ಒಂದೇ ಆಗಿರುವುದರಿಂದ ಅದು ಸಾಲದು. 2012ರದ್ದಾದರೆ ಗುರುತು ‘ಮ್ಯಾಕ್‌ಬುಕ್‌ಪ್ರೊ 9,2’ ಎಂದಿರುತ್ತದೆ. ಅಲ್ಲಿಯೇ ಸಾಟಾ ವಿಭಾಗದಲ್ಲಿ ಎರಡು ಸಾಲುಗಳಿವೆ: ಯಂತ್ರ ಕೊಡಬಲ್ಲ ಸಂಪರ್ಕ ವೇಗ ಮತ್ತು ಡಿಸ್ಕ್‌ನೊಂದಿಗೆ ಒಪ್ಪಿತವಾದ ಸಂಪರ್ಕ ವೇಗ. ಮೊದಲನೆಯದು 6 ಗಿಗಾಬಿಟ್ ಎಂದಿದ್ದು, 6 ಗಿಗಾಬಿಟ್‌ನ ಎಸ್‌ಎಸ್‌ಡಿ ಹಾಕಿದ್ದರೂ ಎರಡನೆಯದು 3 ಅಥವಾ 1.5 ಗಿಗಾಬಿಟ್ ಎಂದು ತೋರಿಸುತ್ತಿದ್ದರೆ, ಪೂರ್ಣ ವೇಗದಲ್ಲಿ ಸಂಪರ್ಕ ನಿಲ್ಲದೆ ಇಳಿದಿರುವ ಸಂಭವ ಹೆಚ್ಚು. ಲಿನಕ್ಸ್‌ನ ಕರ್ನಲ್ ದಾಖಲೆಯಲ್ಲಿ ಇದೇ ಸಂಗತಿ ಇನ್ನೂ ಸ್ಪಷ್ಟವಾಗಿ, ಸಂಪರ್ಕ ಮರುಹೊಂದಿಸಿದ ಮತ್ತು ವೇಗ ಇಳಿಸಿದ ಸಾಲುಗಳಾಗಿ ದಾಖಲಾಗಿರುತ್ತದೆ.

ಮುಂದಿನದು ಅತಿ ಮುಖ್ಯವಾದ ಪುರಾವೆ: ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆ. ಡಿಸ್ಕ್ ಯುಟಿಲಿಟಿ ಇದನ್ನು ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದಕ್ಕೆ ಇಳಿಸಿಬಿಡುತ್ತದೆ, ಆ ಪದದಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಮುಕ್ತ ತಂತ್ರಾಂಶ ಪೂರ್ಣ ಪಟ್ಟಿಯನ್ನು ತೋರಿಸುತ್ತದೆ. ಅದರಲ್ಲಿ 5, 197 ಮತ್ತು 198ನೇ ಸಾಲುಗಳು ಡಿಸ್ಕ್‌ನೊಳಗಿನ ಕೆಟ್ಟ ಜಾಗಗಳಿಗೆ ಸಂಬಂಧಿಸಿದವು. 199ನೇ ಸಾಲು ಮಾತ್ರ ಡಿಸ್ಕ್ ಮತ್ತು ಬೋರ್ಡ್ ನಡುವಿನ ದಾರಿಯಲ್ಲಿ ಸಂಭವಿಸಿದ ಸಿಆರ್‌ಸಿ ತಪ್ಪುಗಳ ಲೆಕ್ಕ. ಮೊದಲ ಮೂರು ಸೊನ್ನೆಯಾಗಿದ್ದು 199ನೆಯದು ಏರುತ್ತಿದ್ದರೆ ಡಿಸ್ಕ್ ಆರೋಗ್ಯವಾಗಿದೆ, ದಾರಿ ಕೆಟ್ಟಿದೆ ಎಂದು ಬಹುಮಟ್ಟಿಗೆ ಹೇಳಬಹುದು.

‘ಏರುತ್ತಿದ್ದರೆ’ ಎಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಲೆಕ್ಕ ಡಿಸ್ಕ್‌ನ ಇಡೀ ಜೀವಮಾನದ್ದು. ಅದು ಎಂದೂ ಕಡಿಮೆಯಾಗುವುದಿಲ್ಲ, ಯಾವ ತಂತ್ರಾಂಶದಿಂದ ಫಾರ್ಮ್ಯಾಟ್ ಮಾಡಿದರೂ ಅಳಿಯುವುದಿಲ್ಲ. ಹಿಂದೆ ಬೇರೊಂದು ಯಂತ್ರದಲ್ಲಿದ್ದಾಗ ಆದ ತಪ್ಪುಗಳೂ ಅದರಲ್ಲಿ ಸೇರಿರುತ್ತವೆ. ಆದುದರಿಂದ ಒಮ್ಮೆ ನೋಡಿದ ಸಂಖ್ಯೆಯಿಂದ ಏನನ್ನೂ ನಿರ್ಧರಿಸಬಾರದು. ಈಗಿನ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಟ್ಟು, ಹತ್ತಿಪ್ಪತ್ತು ಗಿಗಾಬೈಟ್‌ನ ಕಡತವೊಂದನ್ನು ನಕಲು ಮಾಡಿ, ಯಂತ್ರವನ್ನು ಒಂದೆರಡು ಗಂಟೆ ಎಂದಿನಂತೆ ಬಳಸಿ, ಮತ್ತೆ ನೋಡಬೇಕು. ವ್ಯತ್ಯಾಸವೇ ಪುರಾವೆ. ಕೆಲವು ಎಸ್‌ಎಸ್‌ಡಿಗಳು 199ನೇ ಸಾಲನ್ನು ದಾಖಲಿಸುವುದೇ ಇಲ್ಲ. ಅಂತಹ ಸಂದರ್ಭದಲ್ಲಿ ಮುಂದಿನ ಪರೀಕ್ಷೆಗಳನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.

ಆ ಪರೀಕ್ಷೆಗಳ ತತ್ವ ಸರಳವಾದದ್ದು: ಡಿಸ್ಕನ್ನು ಹಾಗೆಯೇ ಇಟ್ಟು ದಾರಿಯನ್ನು ಬದಲಿಸುವುದು, ಬಳಿಕ ದಾರಿಯನ್ನು ಹಾಗೆಯೇ ಇಟ್ಟು ಡಿಸ್ಕನ್ನು ಬದಲಿಸುವುದು. ಮೊದಲಿಗೆ ಡಿಸ್ಕನ್ನು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಅದೇ ಮ್ಯಾಕ್‌ಬುಕ್‌ಗೆ ಹೊರಗಿನಿಂದ ಜೋಡಿಸಿ, ಆಪ್ಶನ್ ಕೀಲಿ ಒತ್ತಿಹಿಡಿದು ಆನ್ ಮಾಡಿ, ಆ ಡಿಸ್ಕ್‌ನಿಂದಲೇ ಯಂತ್ರವನ್ನು ಆರಂಭಿಸಬೇಕು. ಈ ಮಾದರಿಯಲ್ಲಿ ಯುಎಸ್‌ಬಿ 3.0 ಇರುವುದರಿಂದ ಹೀಗೆ ಕೆಲಸ ಮಾಡುವುದು ತ್ರಾಸದಾಯಕವೇನಲ್ಲ. ಒಂದೆರಡು ದಿನ ಹೀಗೆ ಬಳಸಿದಾಗ ಸ್ತಬ್ಧತೆ ಸಂಪೂರ್ಣ ಮಾಯವಾದರೆ ಡಿಸ್ಕ್, ರ‍್ಯಾಮ್, ಆಪರೇಟಿಂಗ್ ಸಿಸ್ಟಂ ಮೂರೂ ಆರೋಪಮುಕ್ತವಾಗುತ್ತವೆ. ಹೊರಗಿದ್ದಾಗಲೂ ಅದೇ ತೊಂದರೆ ಮುಂದುವರಿದರೆ ಕೇಬಲ್ ಕೊಳ್ಳುವುದು ವ್ಯರ್ಥ. ನಂತರ, ಚೆನ್ನಾಗಿದೆ ಎಂದು ಖಚಿತವಿರುವ ಇನ್ನೊಂದು ಡಿಸ್ಕ್ ಸಿಕ್ಕರೆ ಅದನ್ನು ಒಳಗೆ ಹಾಕಿ ನೋಡಬೇಕು. ಅದೂ ಅಲ್ಲಿ ತೊಡಕು ಮಾಡಿದರೆ ದೋಷ ಕೇಬಲ್‌ನಲ್ಲಿದೆ ಅಥವಾ ಬೋರ್ಡ್‌ನಲ್ಲಿದೆ.

ಕೇಬಲ್ ಮತ್ತು ಬೋರ್ಡ್‌ಗಳನ್ನು ಬೇರ್ಪಡಿಸಿ ನೋಡಲು ಡಿವಿಡಿ ಡ್ರೈವಿನ ಜಾಗ ನೆರವಾಗುತ್ತದೆ. ಅದಕ್ಕೆ ಬೇರೆಯದೇ ಆದ ಕೇಬಲ್ ಇದ್ದು, 2012ರ ಮಾದರಿಯಲ್ಲಿ ಅದೂ 6 ಗಿಗಾಬಿಟ್ ವೇಗದ್ದು. ಡಿವಿಡಿ ಡ್ರೈವ್ ತೆಗೆದು ಕ್ಯಾಡಿಯಲ್ಲಿ (ಆ ಜಾಗದಲ್ಲಿ ಡಿಸ್ಕ್ ಹಿಡಿದಿಡುವ ಚೌಕಟ್ಟು) ಎಸ್‌ಎಸ್‌ಡಿ ಕೂರಿಸಿದಾಗ ಎಲ್ಲವೂ ಸರಿಯಾದರೆ ಅನುಮಾನ ಮುಖ್ಯ ಕೇಬಲ್ ಮತ್ತು ಅದು ಸೇರುವ ಕನೆಕ್ಟರ್‌ಗಳಿಗೆ ಸೀಮಿತವಾಗುತ್ತದೆ. ಕ್ಯಾಡಿ ಕೈಯಲ್ಲಿಲ್ಲದವರು ಇದಕ್ಕಾಗಿ ಪ್ರತ್ಯೇಕ ಖರ್ಚು ಮಾಡಬೇಕಿಲ್ಲ. ಕೇಬಲ್ ಅಗ್ಗವಾದದ್ದರಿಂದ ಅದನ್ನೇ ಬದಲಿಸಿ ನೋಡುವುದು ಲೇಸು. ಯಂತ್ರ ಚಾಲನೆಯಲ್ಲಿರುವಾಗ ಕೇಬಲನ್ನು ಬೆರಳಿನಿಂದ ಒತ್ತಿ ನೋಡುವ ಪದ್ಧತಿ ಕೆಲವು ರಿಪೇರಿ ಅಂಗಡಿಗಳಲ್ಲಿ ಉಂಟು. ಬರೆಯುತ್ತಿರುವ ಡಿಸ್ಕ್‌ನ ಸಂಪರ್ಕವನ್ನು ಉದ್ದೇಶಪೂರ್ವಕವಾಗಿ ತಪ್ಪಿಸುವ ಆ ವಿಧಾನವನ್ನು ನಾನು ಒಪ್ಪುವುದಿಲ್ಲ.

ಸರಿಯಾದ ಕೇಬಲ್ ಆಯ್ಕೆ

2009ರಿಂದ 2012ರವರೆಗಿನ ಕೇಬಲ್‌ಗಳು ನೋಡಲು ಒಂದೇ ತರಹ ಇರುವುದರಿಂದ ತಪ್ಪು ಕೇಬಲ್ ಕೊಳ್ಳುವುದು ಸುಲಭ. ಪಟ್ಟಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ಸಂಖ್ಯೆ ಅಚ್ಚಾಗಿರುತ್ತದೆ. 2009 ಮತ್ತು 2010ರ 13 ಇಂಚಿನವುಗಳಲ್ಲಿ 821-0814-ಎ, 2011ರಲ್ಲಿ 821-1226-ಎ, 2012ರಲ್ಲಿ 821-1480-ಎ ಎಂದು ಕಾಣುತ್ತದೆ. 2012ರ ಮಾದರಿಗೇ 821-2049-ಎ ಎಂಬ ನಂತರದ ಪರಿಷ್ಕೃತ ಕೇಬಲ್ ಕೂಡ ಇದೆ, ಸಿಕ್ಕರೆ ಅದನ್ನೇ ಆರಿಸಿಕೊಳ್ಳುವುದು ಉತ್ತಮ. ಮಾರಾಟ ನಿಲ್ಲಿಸಿ ಏಳು ವರ್ಷ ಕಳೆದ ಯಂತ್ರಗಳಿಗೆ ಆಪಲ್ ಸಾಮಾನ್ಯವಾಗಿ ಬಿಡಿಭಾಗ ಒದಗಿಸುವುದಿಲ್ಲವಾದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆ ಅಥವಾ ಆನ್‌ಲೈನ್ ಮಾರಾಟಗಾರರೇ ಗತಿ. ಅಲ್ಲಿ ಹೊಸದೆಂದು ಕೊಡುವ ಕೇಬಲ್ ಬೇರೆ ಯಂತ್ರದಿಂದ ಕಳಚಿದ್ದಾಗಿರಬಹುದು. ಬೆಳಕಿಗೆ ಹಿಡಿದು ನೋಡಿದಾಗ ಮಡಿಕೆಯ ಜಾಗದಲ್ಲಿ ಬಿಳಿಯ ಗೆರೆ, ಸ್ಕ್ರೂ ರಂಧ್ರಗಳ ಸುತ್ತ ಒತ್ತಿದ ಗುರುತು ಅಥವಾ ಅಂಟಿನ ಮೇಲೆ ದೂಳು ಕಂಡರೆ ಅದನ್ನು ಹಿಂದಿರುಗಿಸಬೇಕು.

ಇನ್ನೊಂದು ವಿವರ. ಈ ಕೇಬಲ್ ಡಿಸ್ಕ್‌ನ ಕೆಲಸವನ್ನಷ್ಟೇ ಮಾಡುವುದಿಲ್ಲ. ಮುಂಭಾಗದ ಅಂಚಿನಲ್ಲಿರುವ ರಿಮೋಟ್ ಸೆನ್ಸರ್ ಮತ್ತು ಸ್ಲೀಪ್ ದೀಪ ಕೂಡ ಇದರಲ್ಲೇ ಸೇರಿಕೊಂಡಿವೆ. ಅವನ್ನು ಹಿಡಿದಿಡುವ ಪುಟ್ಟ ಬ್ರಾಕೆಟ್ ಸಮೇತ ಮಾರುವ ಕೇಬಲ್ ಇದೆ, ಬ್ರಾಕೆಟ್ ಇಲ್ಲದ್ದೂ ಇದೆ. ಇಲ್ಲದ್ದನ್ನು ಕೊಂಡರೆ ಹಳೆಯ ಕೇಬಲ್‌ನಿಂದ ಬ್ರಾಕೆಟ್ ಬಿಡಿಸಿ ಹೊಸದಕ್ಕೆ ಅಂಟಿಸಬೇಕಾಗುತ್ತದೆ. ಮೊದಲ ಬಾರಿ ಈ ಕೆಲಸ ಮಾಡುವವರು ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಬ್ರಾಕೆಟ್ ಸಮೇತ ಕೊಳ್ಳಲಿ.

ಬದಲಾಯಿಸುವುದು

ಬೇಕಾದ ಉಪಕರಣಗಳು ಮೂರೇ: 00 ಅಳತೆಯ ಫಿಲಿಪ್ಸ್ ಸ್ಕ್ರೂಡ್ರೈವರ್, ಟಿ6 ಟಾರ್ಕ್ಸ್ ಸ್ಕ್ರೂಡ್ರೈವರ್ ಮತ್ತು ಕನೆಕ್ಟರ್ ಎತ್ತಲು ಪ್ಲಾಸ್ಟಿಕ್ ಕಡ್ಡಿ. ಯಂತ್ರವನ್ನು ಸಂಪೂರ್ಣ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಮಲಗಿಸಬೇಕು. ತಳದ ಮುಚ್ಚಳದಲ್ಲಿ ಹತ್ತು ಸ್ಕ್ರೂಗಳಿವೆ. ಮೂರು ಉದ್ದ, ಏಳು ಗಿಡ್ಡ. ಅವನ್ನು ತೆಗೆದ ಕ್ರಮದಲ್ಲಿಯೇ ಕಾಗದದ ಮೇಲೆ ಟೇಪಿನಿಂದ ಅಂಟಿಸಿಟ್ಟರೆ ಮುಚ್ಚುವಾಗ ಗೊಂದಲವಾಗದು. ಚಳಿಗಾಲದ ಒಣ ಹವೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಸೇರುವುದು ಹೆಚ್ಚು. ಒಳಗೆ ಕೈಯಿಡುವ ಮುನ್ನ ಭೂಸಂಪರ್ಕವಿರುವ ಲೋಹವನ್ನು ಮುಟ್ಟಿಕೊಳ್ಳಬೇಕು.

ಮುಚ್ಚಳ ತೆಗೆದ ಮೇಲೆ ಮೊತ್ತಮೊದಲ ಕೆಲಸ ಬ್ಯಾಟರಿ ಕನೆಕ್ಟರನ್ನು ಬೋರ್ಡ್‌ನಿಂದ ನೇರವಾಗಿ ಮೇಲಕ್ಕೆ ಎತ್ತಿ ಬಿಡಿಸುವುದು. ಬ್ಯಾಟರಿಯನ್ನು ಹೊರತೆಗೆಯಬೇಕಿಲ್ಲ, ಆದರೆ ಅದು ಜೋಡಿಸಿಕೊಂಡೇ ಇರುವಾಗ ಬೇರೆ ಯಾವ ಕನೆಕ್ಟರನ್ನೂ ಮುಟ್ಟಬಾರದು. ಬಳಿಕ ಡಿಸ್ಕನ್ನು ಹಿಡಿದಿಡುವ, ಅದರ ಪಕ್ಕದ ಕಪ್ಪು ಬ್ರಾಕೆಟ್‌ನ ಎರಡು ಸ್ಕ್ರೂಗಳನ್ನು ಸಡಿಲಿಸಿ ಬ್ರಾಕೆಟನ್ನು ಎತ್ತಿದರೆ ಡಿಸ್ಕ್ ಬಿಡುಗಡೆಯಾಗುತ್ತದೆ. ಡಿಸ್ಕನ್ನು ಮೇಲೆತ್ತಿ ಕೇಬಲ್‌ನ ಕನೆಕ್ಟರ್ ಭಾಗವನ್ನೇ ಹಿಡಿದು ಹೊರಕ್ಕೆ ಎಳೆಯಬೇಕು. ಕೇಬಲ್‌ನ ಪಟ್ಟಿಯನ್ನು ಹಿಡಿದು ಎಳೆಯಬಾರದು.

ಕೇಬಲ್‌ನ ಇನ್ನೊಂದು ತುದಿ ಬೋರ್ಡ್‌ಗೆ ಒತ್ತಿ ಕೂರುವ ಚಿಕ್ಕ ಕನೆಕ್ಟರ್. ಪ್ಲಾಸ್ಟಿಕ್ ಕಡ್ಡಿಯನ್ನು ಅದರ ಅಡಿಗೆ ಸರಿಸಿ ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಇಲ್ಲಿ ಅವಸರ ಮಾಡಿದರೆ ಬೋರ್ಡ್‌ನ ಮೇಲಿನ ಸಾಕೆಟ್ಟೇ ಕಿತ್ತುಬರಬಹುದು, ಮತ್ತು ಅದರ ರಿಪೇರಿ ಮನೆಯಲ್ಲಿ ಆಗುವಂಥದ್ದಲ್ಲ. ನಂತರ ಪಟ್ಟಿಯನ್ನು ಚೌಕಟ್ಟಿಗೆ ಹಿಡಿದಿರುವ ಸ್ಕ್ರೂಗಳನ್ನೂ ಮುಂಭಾಗದ ಬ್ರಾಕೆಟ್‌ನ ಸ್ಕ್ರೂಗಳನ್ನೂ ತೆಗೆಯಬೇಕು. ಇವು ಅತಿ ಚಿಕ್ಕವು, ಉದ್ದದಲ್ಲಿಯೂ ಒಂದೇ ಅಲ್ಲ. ಎಲ್ಲಿಯದು ಎಲ್ಲಿಗೆ ಎಂದು ಗುರುತು ಮಾಡಿಕೊಳ್ಳಬೇಕು. ಅಂಟಿಕೊಂಡಿರುವ ಪಟ್ಟಿಯನ್ನು ಒಂದು ಕೊನೆಯಿಂದ ನಿಧಾನವಾಗಿ ಬಿಡಿಸುತ್ತಾ ಬಂದರೆ ಇಡೀ ಕೇಬಲ್ ಕೈಗೆ ಬರುತ್ತದೆ. ಹೊರಹಾಕುವ ಮೊದಲು ಅದು ಸಾಗಿದ ದಾರಿಯ ಒಂದು ಫೋಟೋ ತೆಗೆದುಕೊಂಡಿರಬೇಕು.

ಹಳೆಯ ಕೇಬಲ್ ಮಡಿಚಿಕೊಂಡಿದ್ದ ಜಾಗದಲ್ಲಿ ಅಲ್ಯೂಮಿನಿಯಂ ಮೇಲ್ಮೈಯನ್ನು ಬೆರಳಿನಿಂದ ಸವರಿ ನೋಡಿ. ಅಂಚು ಹರಿತವಾಗಿ ತಾಕಿದರೆ ಅಲ್ಲಿ ತೆಳುವಾದ ಕ್ಯಾಪ್ಟಾನ್ ಟೇಪ್ (ಶಾಖ ತಾಳುವ ಇನ್ಸುಲೇಷನ್ ಟೇಪ್) ಅಥವಾ ಒಳ್ಳೆಯ ಇನ್ಸುಲೇಷನ್ ಟೇಪಿನ ಒಂದೇ ಪದರವನ್ನು ಅಂಟಿಸುವುದು ಒಳ್ಳೆಯದು. ಎರಡು ಮೂರು ಪದರ ಹಾಕಿದರೆ ಮುಚ್ಚಳ ಕೇಬಲನ್ನು ಒತ್ತಿ ಹೊಸ ತೊಂದರೆಗೆ ದಾರಿಯಾಗುತ್ತದೆ. ಹೊಸ ಕೇಬಲನ್ನು ಉಗುರಿನಿಂದ ಗೆರೆ ಎಳೆದು ಮಡಿಸಲೇಬಾರದು; ಪೆನ್ನಿನ ದುಂಡನೆಯ ಮೈಗೆ ಒರಗಿಸಿ ಬಾಗಿಸಿದರೆ ಎಳೆಗಳಿಗೆ ಪೆಟ್ಟಾಗುವುದಿಲ್ಲ. ಮೊದಲು ಮುಂಭಾಗದ ಬ್ರಾಕೆಟ್ ಕೂರಿಸಿ, ಪಟ್ಟಿಯನ್ನು ದಾರಿಯಲ್ಲಿ ಹಾಸಿ, ಬೋರ್ಡ್‌ನ ಕನೆಕ್ಟರನ್ನು ಟಕ್ ಎನ್ನುವಂತೆ ಒತ್ತಿ, ಕೊನೆಗೆ ಡಿಸ್ಕ್ ಜೋಡಿಸಬೇಕು. ಡಿಸ್ಕನ್ನೂ ಬದಲಿಸುವುದಾದರೆ ಹಳೆಯದರ ಬದಿಯಲ್ಲಿರುವ ನಾಲ್ಕು ಟಿ6 ಸ್ಕ್ರೂಗಳನ್ನು ಹೊಸದಕ್ಕೆ ವರ್ಗಾಯಿಸಬೇಕು. ಡಿಸ್ಕ್ ಅಲುಗಾಡದೆ ಕೂರುವುದು ಅವುಗಳಿಂದಲೇ, ಮತ್ತು ಅಲುಗುವ ಡಿಸ್ಕ್ ಹೊಸ ಕೇಬಲನ್ನೂ ಬೇಗ ಸವೆಸುತ್ತದೆ. ಬ್ಯಾಟರಿ ಕನೆಕ್ಟರ್ ಎಲ್ಲಕ್ಕಿಂತ ಕೊನೆಯದು.

ಬೇರೆ ತಯಾರಕರ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪತ್ತೆಯ ಕ್ರಮ ಇದೇ, ಕನೆಕ್ಟರ್ ಮಾತ್ರ ಬೇರೆ. ಹಲವು ಯಂತ್ರಗಳಲ್ಲಿ ಪಟ್ಟಿಯ ಬೋರ್ಡ್ ತುದಿಯನ್ನು ಒಂದು ಪುಟ್ಟ ಅಗುಳಿ ಹಿಡಿದಿರುತ್ತದೆ. ಅದನ್ನು ಮೊದಲು ಮೇಲಕ್ಕೆ ತಿರುಗಿಸಿದ ಬಳಿಕವೇ ಪಟ್ಟಿಯನ್ನು ಹೊರತೆಗೆಯಬೇಕು.

ಬದಲಾಯಿಸಿದ ಮೇಲೆ

ಮುಚ್ಚಳದ ಎಲ್ಲ ಸ್ಕ್ರೂ ಬಿಗಿಯುವ ಮುನ್ನವೇ ಆನ್ ಮಾಡಿ ನೋಡಬಹುದು. ಡಿಸ್ಕ್ ಕಾಣಿಸಿಕೊಂಡರೆ ಸಿಸ್ಟಂ ಮಾಹಿತಿಯಲ್ಲಿ ಒಪ್ಪಿತ ಸಂಪರ್ಕ ವೇಗ 6 ಗಿಗಾಬಿಟ್ ಇದೆಯೇ ಎಂದು ನೋಡಬೇಕು. ಪರದೆಯನ್ನು ಮುಚ್ಚಿ ನಿದ್ರೆಗೆ ಕಳುಹಿಸಿದಾಗ ಮುಂಭಾಗದ ಬಿಳಿಯ ದೀಪ ಮೆಲ್ಲಗೆ ಬೆಳಗಿ ಆರುತ್ತಿರಬೇಕು. ಡಿಸ್ಕ್ ನಡೆಯುತ್ತಿದ್ದರೂ ದೀಪ ಹೊತ್ತದಿದ್ದರೆ ಕೇಬಲ್ ಅಥವಾ ಅದರ ಕನೆಕ್ಟರ್ ಪೂರ್ತಿ ಸರಿಯಿಲ್ಲ ಎಂದು ತಿಳಿದು ಮತ್ತೆ ಬಿಚ್ಚುವುದು ಕ್ಷೇಮ. ಕಾಗದದಲ್ಲಿ ಬರೆದಿಟ್ಟ 199ನೇ ಸಾಲಿನ ಸಂಖ್ಯೆಯನ್ನು ದೊಡ್ಡ ಕಡತ ನಕಲು ಮಾಡಿದ ಮೇಲೆ ಒಮ್ಮೆ, ಒಂದು ವಾರದ ಬಳಿಕ ಇನ್ನೊಮ್ಮೆ ಹೋಲಿಸಬೇಕು. ಸಂಖ್ಯೆ ನಿಂತಲ್ಲೇ ನಿಂತಿದ್ದರೆ ಕೆಲಸ ಆಯಿತು, ಅದು ಸೊನ್ನೆಗೆ ಮರಳುವುದನ್ನು ನಿರೀಕ್ಷಿಸಬಾರದು. ಫಸ್ಟ್ ಏಡ್ ನಡೆಸಲು ಈಗ ಅಡ್ಡಿಯಿಲ್ಲ. ಹಿಂದಿನ ತಿಂಗಳುಗಳಲ್ಲಿ ಅನುಸ್ಥಾಪನೆ ಅರ್ಧಕ್ಕೆ ನಿಂತಿದ್ದರೆ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿಯೇ ಹಾಕುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಸಮಂಜಸ.

ಹೊಸ ಕೇಬಲ್ ಹಾಕಿದ ಮೇಲೂ ಸಂಖ್ಯೆ ಏರುತ್ತಿದ್ದರೆ ಕನೆಕ್ಟರ್‌ಗಳನ್ನು ಮತ್ತೊಮ್ಮೆ ಕಳಚಿ ಕೂರಿಸಿ, ಬೋರ್ಡ್‌ನ ಸಾಕೆಟ್‌ನಲ್ಲಿ ಬಾಗಿದ ಪಿನ್ ಅಥವಾ ದೂಳು ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಅಗ್ಗದ ಕೇಬಲ್ ಹೊಸದಾಗಿದ್ದೂ ಕೆಟ್ಟಿರುವ ಸಾಧ್ಯತೆ ಇರುವುದರಿಂದ ಇನ್ನೊಂದು ಮಾರಾಟಗಾರರಿಂದ ಎರಡನೆಯದನ್ನು ತರಿಸುವುದು ಬೋರ್ಡನ್ನು ದೂರುವುದಕ್ಕಿಂತ ಮೊದಲಿನ ಹೆಜ್ಜೆ. ಅದೂ ಫಲಿಸದೆ, ಡಿವಿಡಿ ಜಾಗದಲ್ಲಿ ಅದೇ ಎಸ್‌ಎಸ್‌ಡಿ ತೊಡಕಿಲ್ಲದೆ ನಡೆಯುತ್ತಿದ್ದರೆ ಮುಖ್ಯ ಸಾಟಾ ಸಾಕೆಟ್ ಅಥವಾ ಅದರ ಹಿಂದಿನ ಸರ್ಕ್ಯೂಟ್ ಕೆಟ್ಟಿದೆ ಎಂದರ್ಥ. ಆ ರಿಪೇರಿಗೆ ತಗಲುವ ಹಣ ಇಷ್ಟು ಹಳೆಯ ಯಂತ್ರಕ್ಕೆ ಸಾರ್ಥಕವಾಗುವುದು ಕಷ್ಟ. 9.5 ಮಿಲಿಮೀಟರ್ ದಪ್ಪದ ಕ್ಯಾಡಿಯೊಂದನ್ನು ಕೊಂಡು, 12.7 ಮಿಲಿಮೀಟರ್‌ನದು ಈ ಜಾಗದಲ್ಲಿ ಹಿಡಿಸುವುದಿಲ್ಲವಾದ್ದರಿಂದ ಅಳತೆಯನ್ನು ನೋಡಿಯೇ ಕೊಂಡು, ಎಸ್‌ಎಸ್‌ಡಿಯನ್ನು ಅಲ್ಲಿಯೇ ಕಾಯಂ ಆಗಿ ಇರಿಸಿ, ಮೂಲ ಜಾಗವನ್ನು ಖಾಲಿ ಬಿಟ್ಟರೆ ಯಂತ್ರ ಇನ್ನಷ್ಟು ವರ್ಷ ಕೆಲಸಕ್ಕೆ ಬರುತ್ತದೆ.